ಮಕ್ಕಳ ಆಟದ ಹಿಟ್ಟು: ಒಣಗದಂತೆ, ಅಂಟದಂತೆ, ಬೂಷ್ಟು ಹಿಡಿಯದಂತೆ

ಡಬ್ಬಿ ತೆರೆದ ದಿನ ಬೆಣ್ಣೆಯಂತಿದ್ದ ಕ್ಲೇ ವಾರ ಕಳೆಯುವುದರೊಳಗೆ ಹೆಂಚಿನ ಚೂರಾಗಿರುತ್ತದೆ. ಮಳೆಗಾಲವಾದರೆ ಉಲ್ಟಾ: ಹಲಸಿನ ಮೇಣದ ಹಾಗೆ ಕೈಗೆ, ಮೇಜಿಗೆ, ಮಗುವಿನ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಇವೆರಡಕ್ಕೂ, ಮೂರನೆಯ ಕಾಟವಾದ ಬೂಷ್ಟಿಗೂ ಮೂಲ ಒಂದೇ, ನೀರು. ಹಿಟ್ಟಿನಲ್ಲಿ ನೀರು ಎಷ್ಟಿದೆ, ಅದನ್ನು ಹಿಡಿದಿಟ್ಟಿರುವುದು ಯಾವುದು ಎಂಬುದು ತಲೆಗೆ ಹೋದರೆ ಮಿಕ್ಕಿದ್ದೆಲ್ಲ ಚಪಾತಿ ಹಿಟ್ಟು ಕಲಸುವಷ್ಟೇ ಸಲೀಸು.

ಮೊದಲು, ಮನೆಯಲ್ಲಿರುವುದು ಯಾವ ಕ್ಲೇ?

ಸ್ಟೇಷನರಿ ಅಂಗಡಿಯಲ್ಲಿ ಎಲ್ಲದಕ್ಕೂ ‘ಕ್ಲೇ’ ಎಂದೇ ಹೆಸರು. ಒಳಗಿನ ಸರಕು ಮಾತ್ರ ಬೇರೆ ಬೇರೆ, ಆರೈಕೆಯೂ ಬೇರೆ ಬೇರೆ. ಒಂದಕ್ಕೆ ಮಾಡುವ ಉಪಚಾರವನ್ನು ಇನ್ನೊಂದಕ್ಕೆ ಮಾಡಿದರೆ ಕೆಡುವುದು ಖಂಡಿತ.

ಪತ್ತೆಗೆ ಸುಲಭ ಉಪಾಯವಿದೆ. ಕಡಲೆಕಾಳಿನಷ್ಟು ಚೂರನ್ನು ಒಂದು ಲೋಟ ನೀರಿಗೆ ಹಾಕಿ ಹತ್ತು ನಿಮಿಷ ಬಿಡಿ. ಮೈ ಲೋಳೆಯಾಗಿ ನೀರು ಮಬ್ಬಾದರೆ ಅದು ಹಿಟ್ಟಿನ ಕ್ಲೇ. ಪ್ಲೇ-ಡೋ ಹೆಸರಿನಲ್ಲಿ ಡಬ್ಬಿಯಲ್ಲಿ ಮಾರುವ ಕ್ಲೇ ಇದೇ ಜಾತಿ, ಮನೆಯಲ್ಲಿ ಮೈದಾದಿಂದ ಮಾಡುವುದೂ ಇದೇ. ಹಾಕಿದ ಹಾಗೆಯೇ ತಳದಲ್ಲಿ ಕೂತಿದ್ದರೆ ಅದು ಎಣ್ಣೆಯ ಕ್ಲೇ. ಉದ್ದ ಕಡ್ಡಿಗಳಾಗಿ, ಸಾಲಾಗಿ ಜೋಡಿಸಿ ಮಾರುವುದು ಹೆಚ್ಚಾಗಿ ಇದನ್ನು. ಇನ್ನು ತೇಲಿದರೆ, ಹಿಂಜಿದ ಹತ್ತಿಯಂತೆ ಹಗುರಾಗಿರುವ, ಗಾಳಿಗೆ ಒಣಗುವ ಕ್ಲೇ ಎಂದು ತಿಳಿಯಿರಿ.

ಎಣ್ಣೆಯ ಕ್ಲೇ ಒಣಗುವುದೇ ಇಲ್ಲ, ಏಕೆಂದರೆ ಅದರಲ್ಲಿ ಆರಿಹೋಗಲು ನೀರೇ ಇಲ್ಲ. ಇಂಗ್ಲೆಂಡಿನ ಬಾತ್ ಊರಿನ ಬಳಿ ವಿಲಿಯಂ ಹಾರ್ಬಟ್ ಎಂಬ ಕಲಾ ಶಿಕ್ಷಕರು 1897ರಲ್ಲಿ ಪ್ಲಾಸ್ಟಿಸಿನ್ ಎಂಬ ಎಣ್ಣೆಯ ಕ್ಲೇ ರೂಪಿಸಿದ್ದೇ ವಿದ್ಯಾರ್ಥಿಗಳಿಗೆ ಒಣಗದ ಜೇಡಿ ಬೇಕೆಂದು. ಅದು ಚಳಿಗೆ ಗಟ್ಟಿಯಾಗುತ್ತದೆ, ಅಷ್ಟೆ. ಐದು ನಿಮಿಷ ಅಂಗೈಯಲ್ಲಿ ಹಿಡಿದುಕೊಳ್ಳಿ, ಇಲ್ಲವೇ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬೆಚ್ಚಗಿನ ನೀರಿನಲ್ಲಿ ಇಡಿ, ಮೆತ್ತಗಾಗುತ್ತದೆ. ತೀರಾ ಹಳೆಯದಾದರೆ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ನಾದಿ. ನೀರು ಮಾತ್ರ ಸೇರಿಸಬೇಡಿ, ಅದು ಒಳಕ್ಕೆ ಹೋಗುವುದಿಲ್ಲ, ಬರೀ ಜಾರುತ್ತದೆ. ಗಾಳಿಗೆ ಒಣಗುವ ಕ್ಲೇ ಒಮ್ಮೆ ಪೂರ್ತಿ ಒಣಗಿತೆಂದರೆ ಮುಗಿಯಿತು. ಅದರ ಗುಣವೇ ಅದು. ಹೊರಪದರ ಬಿಗಿದು ಒಳಗಿನ್ನೂ ಮೆತ್ತಗಿದ್ದರೆ ಮಾತ್ರ ಒದ್ದೆ ಬೆರಳಲ್ಲಿ ನಾದಿ ಉಳಿಸಿಕೊಳ್ಳಬಹುದು.

ಮುಂದಿನ ಮಾತೆಲ್ಲ ಹಿಟ್ಟಿನ ಕ್ಲೇ ಬಗ್ಗೆ. ಹೆಚ್ಚು ಕೆಡುವುದೂ ಅದೇ, ಹೆಚ್ಚು ಆಡಿಸುವುದೂ ಅದೇ.

ಒಳಗೆ ಏನಿದೆ

ಮೈದಾ, ಉಪ್ಪು, ನೀರು, ತುಸು ಎಣ್ಣೆ, ತುಸು ಹುಳಿ. ಬಿಸಿಗೆ ಮೈದಾದ ಗಂಜಿ ಉಬ್ಬಿ ನೀರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ರಾಗಿ ಮುದ್ದೆ ಗಟ್ಟಿಯಾಗುವುದೂ ಇದೇ ಕ್ರಿಯೆಯಿಂದ. ಎಣ್ಣೆ ಮೇಲ್ಮೈಗೆ ನುಣುಪು ಕೊಟ್ಟು ನೀರು ಆರುವುದನ್ನು ನಿಧಾನಿಸುತ್ತದೆ. ಹುಳಿ ಹಿಟ್ಟನ್ನು ಮೃದುವಾಗಿಸುತ್ತದೆ, ಬೂಷ್ಟನ್ನೂ ತಡೆಯುತ್ತದೆ. ಉಪ್ಪಿನದು ಉಪ್ಪಿನಕಾಯಿಯಲ್ಲಿ ಮಾಡುವ ಕೆಲಸವೇ: ನೀರನ್ನು ತನ್ನತ್ತ ಕಟ್ಟಿಕೊಂಡು ಬೂಷ್ಟಿಗೆ ಸಿಗದಂತೆ ಮಾಡುತ್ತದೆ.

ಪ್ಲೇ-ಡೋ ಹುಟ್ಟಿದ್ದು ಆಟಿಕೆಯಾಗಿ ಅಲ್ಲ. 1930ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯ ಕುಟೋಲ್ ಕಂಪನಿ, ಕಲ್ಲಿದ್ದಲ ಒಲೆಯ ಮಸಿ ಕೂತ ಗೋಡೆ ಕಾಗದವನ್ನು ಒರೆಸಲೆಂದು ಇಂಥ ಹಿಟ್ಟಿನುಂಡೆ ಮಾರುತ್ತಿತ್ತು. ಮನೆಗಳಿಗೆ ಗ್ಯಾಸ್ ಬಂತು, ತೊಳೆಯಬಹುದಾದ ವಿನೈಲ್ ಕಾಗದ ಬಂತು, ಉಂಡೆಗೆ ಗಿರಾಕಿಯಿಲ್ಲದಂತಾಯಿತು. ಕಂಪನಿಯ ಮನೆಯವರ ನಂಟಿನಲ್ಲೇ ಇದ್ದ ಕೇ ಝುಫಾಲ್ ಎಂಬ ಶಿಶುವಿಹಾರದ ಶಿಕ್ಷಕಿ ಅದನ್ನು ಮಕ್ಕಳ ಕೈಗೆ ಕೊಟ್ಟು ನೋಡಿದರು. 1956ರ ಹೊತ್ತಿಗೆ ಅದು ಆಟಿಕೆಯಾಗಿ ಮಾರುಕಟ್ಟೆಗೆ ಬಂದಿತ್ತು. ಈ ಹಳೆಯ ಕಥೆ ಇಲ್ಲಿ ಯಾಕೆಂದರೆ, ಕೊಳೆ ಎತ್ತುವುದು ಈ ಹಿಟ್ಟಿನ ಹುಟ್ಟುಗುಣ. ಬೆರಳಿನ ಬೆವರು, ಮೇಜಿನ ಧೂಳು, ಬಿಸ್ಕತ್ತಿನ ಪುಡಿ, ಬೆಕ್ಕಿನ ಕೂದಲು ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಆಟವಾದ ಮೇಲೆ ಕೈ ತೊಳೆಸುವುದಕ್ಕಿಂತ ಆಟಕ್ಕೆ ಮುಂಚೆ ಕೈ ತೊಳೆಸಿ ಒರೆಸುವುದು ಹಿಟ್ಟಿನ ಆಯಸ್ಸಿಗೆ ಹೆಚ್ಚು ಒಳ್ಳೆಯದು.

ಮನೆಯಲ್ಲಿ ಮಾಡುವುದು

ಕಾಯಿಸದೆ ಬರೀ ಕಲಸಿದ ಹಿಟ್ಟು ಒಂದೆರಡು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ. ಅದರಲ್ಲಿ ಮೈದಾದ ಜಿಗುಟು ಹಾಗೆಯೇ ಉಳಿದಿರುತ್ತದೆ, ಮಗು ಚಪ್ಪಟೆ ಮಾಡಿದ್ದು ರಬ್ಬರಿನಂತೆ ಮತ್ತೆ ಮುದುಡಿಕೊಳ್ಳುತ್ತದೆ. ಒಲೆಯ ಮೇಲೆ ಬೇಯಿಸಿದ್ದು ಸರಿಯಾಗಿ ಮುಚ್ಚಿಟ್ಟರೆ ಎರಡು ಮೂರು ತಿಂಗಳು ಬರುತ್ತದೆ. ಹತ್ತು ನಿಮಿಷದ ಹೆಚ್ಚಿನ ಕೆಲಸಕ್ಕೆ ಇಷ್ಟು ಲಾಭವಿರುವಾಗ ಬೇಯಿಸದೆ ಮಾಡುವುದು ದಂಡ.

ಬೇಕಾಗುವುದು (240 ಮಿ.ಲೀ. ಕಪ್ ಅಳತೆಯಲ್ಲಿ):

ಮೈದಾ 1 ಕಪ್, ಸುಮಾರು 125 ಗ್ರಾಂ
ಪುಡಿ ಉಪ್ಪು 1/3 ಕಪ್, ಸುಮಾರು 90 ಗ್ರಾಂ
ಕ್ರೀಮ್ ಆಫ್ ಟಾರ್ಟರ್ 2 ಟೀ ಚಮಚ (ಹುಳಿಯ ಪುಡಿ, ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ; ಸಿಗದಿದ್ದರೆ ಸೋಸಿದ ನಿಂಬೆರಸ 2 ದೊಡ್ಡ ಚಮಚ, ಅಷ್ಟೇ ನೀರು ಕಡಿಮೆ)
ಅಡುಗೆ ಎಣ್ಣೆ 1 ದೊಡ್ಡ ಚಮಚ
ನೀರು 1 ಕಪ್
ಊಟಕ್ಕೆ ಬಳಸುವ ಬಣ್ಣ

ಎಷ್ಟೋ ಕಡೆ ಅರ್ಧ ಕಪ್ ಉಪ್ಪು ಎಂದು ಬರೆದಿರುತ್ತದೆ. ಅಷ್ಟು ಬೇಡ. ಒಂದು ಕಪ್ ನೀರು ಕರಗಿಸಿಕೊಳ್ಳುವುದೇ ಸುಮಾರು 85 ಗ್ರಾಂ ಉಪ್ಪನ್ನು. ಅರ್ಧ ಕಪ್ ಎಂದರೆ 140 ಗ್ರಾಂ ದಾಟುತ್ತದೆ, ಕರಗದ ಪಾಲು ಹರಳಾಗಿ ಉಳಿದು ಹಿಟ್ಟು ಮರಳುಮರಳಾಗುತ್ತದೆ. ‘ಎಷ್ಟು ನಾದಿದರೂ ಒರಟು’ ಎಂಬ ದೂರಿಗೆ ಬಹುಪಾಲು ಕಾರಣ ಇದೇ. ಕಲ್ಲುಪ್ಪಾದರೆ ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿಕೊಳ್ಳಿ.

ಪಾತ್ರೆ ಸ್ಟೀಲಿನದೋ ನಾನ್‌ಸ್ಟಿಕ್ಕೋ ಆಗಿರಲಿ. ಕಬ್ಬಿಣದ ಬಾಣಲೆ, ಅಲ್ಯೂಮಿನಿಯಂ ಪಾತ್ರೆ ಬೇಡ. ಉಪ್ಪು ಹುಳಿ ಎರಡೂ ಸೇರಿದಾಗ ಲೋಹ ಕರಗಿ ಹಿಟ್ಟು ಬೂದುಬಣ್ಣಕ್ಕೆ ತಿರುಗುತ್ತದೆ, ಪಾತ್ರೆಯೂ ಕೆಡುತ್ತದೆ.

1. ನೀರನ್ನು ಉಗುರುಬೆಚ್ಚಗೆ ಮಾಡಿ ಉಪ್ಪು ಹಾಕಿ ಕಲಕಿ. ಒಂದೇ ಬಣ್ಣ ಸಾಕೆಂದಿದ್ದರೆ ಬಣ್ಣವನ್ನೂ ಈಗಲೇ ಹಾಕಿ, ಸಮನಾಗಿ ಹರಡುತ್ತದೆ.

2. ಒಲೆ ಹಚ್ಚುವ ಮೊದಲೇ ಪಾತ್ರೆಯಲ್ಲಿ ಮೈದಾ, ಕ್ರೀಮ್ ಆಫ್ ಟಾರ್ಟರ್ ಬೆರೆಸಿ, ಉಪ್ಪುನೀರನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು ದೋಸೆಹಿಟ್ಟಿನ ಹದಕ್ಕೆ ತನ್ನಿ. ಕುದಿಯುವ ನೀರಿಗೆ ಮೈದಾ ಸುರಿದರೆ ಗಂಟುಗಂಟಾಗುತ್ತದೆ, ಆ ಗಂಟು ಆಮೇಲೆ ಒಡೆಯುವುದಿಲ್ಲ. ಕೊನೆಗೆ ಎಣ್ಣೆ ಸೇರಿಸಿ.

3. ಸಣ್ಣ ಉರಿಯಲ್ಲಿಟ್ಟು ಮರದ ಸೌಟಿನಿಂದ ತಳ ಮುಟ್ಟುವಂತೆ ತಿರುಗಿಸುತ್ತಲೇ ಇರಿ. ಎರಡು ಮೂರು ನಿಮಿಷ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಅಂಚಿನಲ್ಲಿ ಮೊಸರು ಒಡೆದಂತೆ ಗರಣೆ ಕಟ್ಟತೊಡಗುತ್ತದೆ. ಇಲ್ಲಿ ಹೆದರಿ ನೀರು ಸುರಿಯಬೇಡಿ, ಕೈಯನ್ನೂ ನಿಲ್ಲಿಸಬೇಡಿ. ಇನ್ನೊಂದೆರಡು ನಿಮಿಷಕ್ಕೆ ಸೌಟು ಭಾರವಾಗಿ, ಹಿಟ್ಟೆಲ್ಲ ತಳ ಬಿಟ್ಟು ಸೌಟಿಗೇ ಸುತ್ತಿಕೊಂಡು ಒಂದು ಮುದ್ದೆಯಾಗುತ್ತದೆ.

4. ಬೆಂದಿದೆಯೇ ಎಂದು ನೋಡಲು ಒದ್ದೆ ಮಾಡಿದ ಬೆರಳಿನಿಂದ ಒತ್ತಿ. ಅಂಟಬಾರದು, ಮೇಲ್ಮೈಯ ಒದ್ದೆ ಹೊಳಪು ಹೋಗಿರಬೇಕು. ಅಂಟಿದರೆ ಇನ್ನೊಂದು ನಿಮಿಷ. ಆದಷ್ಟು ಬೇಗ ಇಳಿಸಬೇಕೆಂಬ ಆತುರದಲ್ಲಿ ಹಸಿಯಾಗಿ ಇಳಿಸಿದ ಹಿಟ್ಟು ಆರಿದ ಮೇಲೂ ಅಂಟುತ್ತಲೇ ಇರುತ್ತದೆ.

5. ತಟ್ಟೆಗೆ ಹಾಕಿ ಒದ್ದೆ ಬಟ್ಟೆ ಮುಚ್ಚಿ, ಕೈ ತಡೆಯುವಷ್ಟು ಬಿಸಿ ಇರುವಾಗಲೇ ಐದು ನಿಮಿಷ ಚೆನ್ನಾಗಿ ನಾದಿ. ಅಕ್ಕಿ ಹಿಟ್ಟು ಬೇಯಿಸಿ ರೊಟ್ಟಿ ತಟ್ಟುವವರಿಗೆ ಈ ಹದ ಕೈಯಲ್ಲೇ ಇರುತ್ತದೆ. ಪೂರ್ತಿ ತಣ್ಣಗಾದ ಮೇಲೆ ನಾದಿದರೆ ಬಿರುಕು ಮುಚ್ಚುವುದಿಲ್ಲ.

6. ಒಳಗೂ ತಣ್ಣಗಾದ ಮೇಲಷ್ಟೇ ಡಬ್ಬಿಗೆ ಹಾಕಿ. ಬಿಸಿಯಾಗಿರುವಾಗ ಮುಚ್ಚಿದರೆ ಮುಚ್ಚಳದ ಒಳಗೆ ಬೆವರಿ ಆ ಹನಿ ಮತ್ತೆ ಹಿಟ್ಟಿಗೇ ಬೀಳುತ್ತದೆ. ಬೂಷ್ಟು ಶುರುವಾಗುವುದು ಅಲ್ಲಿಂದಲೇ.

ಇಷ್ಟರಿಂದ 400 ಗ್ರಾಂಗಿಂತ ತುಸು ಹೆಚ್ಚು ಬರುತ್ತದೆ. ಅಂಗಡಿಯ 112 ಗ್ರಾಂ ಡಬ್ಬಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ನಾಲ್ಕು.

ಗೋಧಿ ಒಗ್ಗದ ಮಕ್ಕಳಿಗೆ ಮೈದಾದ ಕ್ಲೇ ಮುಟ್ಟಿದರೂ ತುರಿಕೆಯಾಗಬಹುದು. ಪ್ಲೇ-ಡೋದಲ್ಲಿಯೂ ಗೋಧಿ ಇದೆ. ಅವರಿಗಾಗಿ 1 ಕಪ್ ಅಕ್ಕಿ ಹಿಟ್ಟು, 1/2 ಕಪ್ ಕಾರ್ನ್‌ಫ್ಲೋರ್, ಉಪ್ಪು, ಹುಳಿ, ನೀರು ಮೇಲಿನಷ್ಟೇ, ಎಣ್ಣೆ 1 ಟೀ ಚಮಚ. ಇದರಲ್ಲಿ ಜಿಗುಟಿಲ್ಲ, ಹಾಗಾಗಿ ಬೇಗ ಬಿರುಕು ಬಿಡುತ್ತದೆ. ಉದ್ದ ಎಳೆ ಹೊಸೆಯಲು ಆಗದು, ಉಂಡೆ ಮತ್ತು ಅಚ್ಚಿನ ಕೆಲಸಕ್ಕೆ ಸಾಕು.

ಬಣ್ಣ

ಜೆಲ್ ಬಣ್ಣ ಎಲ್ಲಕ್ಕಿಂತ ವಾಸಿ, ನೀರು ಹೆಚ್ಚು ಸೇರುವುದಿಲ್ಲ. ಪುಡಿ ಬಣ್ಣವಾದರೆ ಅರ್ಧ ಚಮಚ ನೀರಿನಲ್ಲಿ ಮೊದಲೇ ಕರಗಿಸಿ, ಇಲ್ಲದಿದ್ದರೆ ಹಿಟ್ಟಿನಲ್ಲಿ ಚುಕ್ಕೆಚುಕ್ಕೆಯಾಗಿ ಉಳಿದು ಮಗುವಿನ ಅಂಗೈಗೆ ಹತ್ತುತ್ತದೆ. ಬಿಳಿ ಹಿಟ್ಟನ್ನು ಭಾಗ ಮಾಡಿ ಆಮೇಲೆ ಬಣ್ಣ ಸೇರಿಸುವುದಾದರೆ ಉಂಡೆಯ ನಡುವೆ ಗುಳಿ ಮಾಡಿ, ಬಣ್ಣ ಹಾಕಿ, ಮುಚ್ಚಿ, ಕವರಿನೊಳಗಿಟ್ಟು ಹೊರಗಿನಿಂದ ನಾದಿ. ಹೂರಣ ತುಂಬುವ ಹಾಗೆ. ಕೈಗೆ ಹತ್ತುವುದಿಲ್ಲ.

ಅರಿಶಿನ ಚೆನ್ನಾಗಿ ಹಿಡಿಯುತ್ತದೆ, ಬಟ್ಟೆಯನ್ನೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. ದೊಡ್ಡ ಮಕ್ಕಳಿದ್ದರೆ ಅರಿಶಿನದ ಉಂಡೆಯ ಒಂದು ತುಂಡಿಗೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕಿ ನಾದಲು ಹೇಳಿ. ಹಿಟ್ಟಿನ ಹುಳಿಯನ್ನು ಸೋಡಾ ಮುರಿದ ಮೇಲೆ ಹಳದಿ ಕೆಂಪಿನತ್ತ ತಿರುಗುತ್ತದೆ. ಮದುವೆ ಮನೆಯ ಓಕುಳಿ ನೀರಿನಲ್ಲಿ ಅರಿಶಿನಕ್ಕೆ ಸುಣ್ಣ ಸೇರಿಸಿದಾಗ ಆಗುವುದೂ ಇದೇ. ಬೀಟ್‌ರೂಟ್ ರಸ ಕಾಯಿಸಿದರೆ ಕಂದುತ್ತದೆ, ಅದರ ಸಕ್ಕರೆಯಿಂದ ಬೂಷ್ಟೂ ಬೇಗ ಬರುತ್ತದೆ. ರಂಗೋಲಿ ಪುಡಿ, ಹೋಳಿ ಬಣ್ಣ, ಅಂಗಡಿಯ ಕುಂಕುಮ ಬೇಡವೇ ಬೇಡ. ಅವು ಬಾಯಿಗೆ ಹೋಗುವ ವಸ್ತುವಿಗೆಂದು ಮಾಡಿದವಲ್ಲ.

ಬಣ್ಣಗಳೆಲ್ಲ ಕಲೆತು ಕೊನೆಗೆ ಮಣ್ಣಿನ ಬಣ್ಣವಾಗುವುದನ್ನು ಯಾರೂ ತಡೆಯಲಾರರು, ಮುಂದೂಡಬಹುದು. ಒಂದು ಸಲಕ್ಕೆ ಎರಡೇ ಡಬ್ಬಿ ಕೊಡಿ: ಹಳದಿ ನೀಲಿ, ಇಲ್ಲವೇ ಹಳದಿ ಕೆಂಪು. ಕಲೆತರೂ ಹಸಿರೋ ಕಿತ್ತಳೆಯೋ ಸಿಗುತ್ತದೆ. ಕೆಂಪು, ಹಳದಿ, ನೀಲಿ ಮೂರೂ ಒಟ್ಟಿಗೆ ಹೋದರೆ ಕಂದು ಗ್ಯಾರಂಟಿ. ಹಾಗೆ ಕಂದಾದದ್ದನ್ನು ಎಸೆಯದೆ ಬೇರೆ ಡಬ್ಬಿಯಲ್ಲಿಡಿ, ಆನೆಗೆ, ಮರದ ಬುಡಕ್ಕೆ, ಎತ್ತಿಗೆ ಬೇಕಾಗುವುದು ಅದೇ.

ಇಡುವುದು ಹೇಗೆ

ಆಟ ಮುಗಿದ ತಕ್ಷಣದ ಐದು ನಿಮಿಷದಲ್ಲೇ ಹಿಟ್ಟಿನ ಹಣೆಬರಹ ತೀರ್ಮಾನವಾಗುತ್ತದೆ. ಬಟಾಣಿಯಷ್ಟು ಚೂರು ಫ್ಯಾನಿನ ಕೆಳಗೆ ಅರ್ಧ ಗಂಟೆಯಲ್ಲಿ ಸಿಪ್ಪೆ ಕಟ್ಟುತ್ತದೆ. ಅದನ್ನು ಆಮೇಲೆ ದೊಡ್ಡ ಉಂಡೆಗೆ ಸೇರಿಸಿದರೆ ಅಕ್ಕಿಯಲ್ಲಿನ ಕಲ್ಲಿನಂತೆ ಕೈಗೆ ಸಿಗುತ್ತಲೇ ಇರುತ್ತದೆ. ಆಡುವಾಗ ಫ್ಯಾನ್ ನಿಧಾನವಾಗಿರಲಿ, ಬಳಸದ ಉಂಡೆಯ ಮೇಲೆ ಒಂದು ಬಟ್ಟಲು ಬೋರಲು ಹಾಕಿಡಿ.

ಚೂರುಗಳನ್ನು ಒತ್ತಿ ಒಂದು ಉಂಡೆ ಮಾಡಿ, ಬಿರುಕಿಲ್ಲದಂತೆ ನುಣ್ಣಗೆ ತಿರುಗಿಸಿ, ಡಬ್ಬಿಯೊಳಗೆ ಅದುಮಿ. ಡಬ್ಬಿ ಅರ್ಧ ಖಾಲಿಯಿದ್ದರೆ ಒಳಗಿನ ಗಾಳಿಯೇ ಹಿಟ್ಟಿನ ನೀರನ್ನು ಕುಡಿಯುತ್ತದೆ, ಹಾಗಾಗಿ ಹಿಟ್ಟು ಕಡಿಮೆಯಾದಂತೆ ಡಬ್ಬಿಯೂ ಚಿಕ್ಕದಾಗಲಿ, ಅಥವಾ ಗಾಳಿ ಹಿಂಡಿ ತೆಗೆದ ಜಿಪ್ ಕವರಿನಲ್ಲಿಟ್ಟು ಆ ಕವರನ್ನು ಡಬ್ಬಿಗೆ ಹಾಕಿ. ಮುಚ್ಚಳದ ಅಂಚಿಗೆ ಮೆತ್ತಿದ ಒಣ ಹಿಟ್ಟನ್ನು ಕೆರೆದು ತೆಗೆಯಿರಿ. ಅದೊಂದು ಚೂರು ಸಾಕು ಮುಚ್ಚಳ ಸರಿಯಾಗಿ ಕೂರದಿರಲು. ಅಂಗಡಿಯಿಂದ ತಂದ ಡಬ್ಬಿಯೂ ಒಣಗಿದ್ದರೆ ಮೊದಲು ನೋಡಬೇಕಾದ ಜಾಗ ಇದೇ. ಗಾಜು ಇಲ್ಲವೇ ಪ್ಲಾಸ್ಟಿಕ್ ಸರಿ, ಸ್ಟೀಲ್ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಉಪ್ಪು ಸಣ್ಣ ಸಣ್ಣ ಗುಳಿ ಕೊರೆಯುತ್ತದೆ.

ಫ್ರಿಜ್ ಬೇಕೇ? ಆರು ತಿಂಗಳು ಮಳೆ ಕಾಣುವ ಕಡೆ, ಅಥವಾ ಕಾಯಿಸದೆ ಕಲಸಿದ ಹಿಟ್ಟಿಗೆ, ಬೇಕು. ಮಿಕ್ಕಂತೆ ಬಿಸಿಲು ಬೀಳದ ಕಪಾಟು ಸಾಕು. ಫ್ರಿಜ್ಜಿನಿಂದ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ, ತಣ್ಣನೆಯ ಹಿಟ್ಟಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಮುಚ್ಚಿದ ಹಾಗೆಯೇ ಅರ್ಧ ಗಂಟೆ ಹೊರಗಿಡಿ.

ಊರು ನೋಡಿ ಆರೈಕೆ ಬದಲಾಗಬೇಕು. ಗಾಳಿಯ ತೇವಾಂಶ ಶೇಕಡ 75 ದಾಟಿತೆಂದರೆ ಉಪ್ಪು ಗಾಳಿಯಿಂದ ನೀರು ಎಳೆದುಕೊಳ್ಳಲು ಶುರುಮಾಡುತ್ತದೆ. ಆಷಾಢದಲ್ಲಿ ಉಪ್ಪಿನ ಭರಣಿ ಒಸರುವುದು ಇದರಿಂದಲೇ. ಮಂಗಳೂರು, ಕಾರವಾರ, ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ತೆರೆದಿಟ್ಟ ಹಿಟ್ಟು ಒಣಗುವುದಿಲ್ಲ, ನೀರೊಡೆಯುತ್ತದೆ. ಅಲ್ಲಿ ಮಳೆಗಾಲಕ್ಕೆ ಮಾಡುವಾಗ ನೀರು ಎರಡು ದೊಡ್ಡ ಚಮಚ ಕಡಿಮೆ ಹಾಕಿ, ಬೇಯಿಸುವುದು ಒಂದು ನಿಮಿಷ ಹೆಚ್ಚು ಮಾಡಿ. ಏಪ್ರಿಲ್‌ನ ರಾಯಚೂರು, ಕಲಬುರಗಿಯಲ್ಲಿ ಇದರ ತದ್ವಿರುದ್ಧ. ಎಣ್ಣೆ ಅರ್ಧ ಚಮಚ ಹೆಚ್ಚಿರಲಿ, ಆಡುವ ಜಾಗದಲ್ಲಿ ಒದ್ದೆ ಬಟ್ಟೆ ಇರಲಿ, ಒಂದೊಂದೇ ನಿಂಬೆಗಾತ್ರದ ಉಂಡೆ ಹೊರಬರಲಿ.

ಕೆಟ್ಟದ್ದನ್ನು ಸರಿಪಡಿಸುವುದು

ಒಣಗಿದ್ದು: ಮೇಲೆ ಸಿಪ್ಪೆ, ಒಳಗೆ ಮೆತ್ತಗೆ ಎನ್ನುವ ಹಂತದಲ್ಲಿದ್ದರೆ ಕೆಲಸ ಸುಲಭ. ಬಟಾಣಿ ಗಾತ್ರಕ್ಕೆ ಮುರಿದು ಜಿಪ್ ಕವರಿಗೆ ಹಾಕಿ, ಒಂದು ಡಬ್ಬಿ ಹಿಟ್ಟಿಗೆ ಅರ್ಧ ಟೀ ಚಮಚ ನೀರು ಚಿಮುಕಿಸಿ, ಗಾಳಿ ತೆಗೆದು ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಕವರಿನ ಹೊರಗಿನಿಂದಲೇ ಹಿಸುಕಿ, ಆಮೇಲೆ ಹೊರತೆಗೆದು ನಾದಿ. ಬೇಕಾದರೆ ಇನ್ನರ್ಧ ಚಮಚ. ಹೆಚ್ಚಿನವರು ಎಡವುವುದು ಇಲ್ಲಿ: ಉಂಡೆಯನ್ನು ನಲ್ಲಿಯ ಕೆಳಗೆ ಹಿಡಿಯುತ್ತಾರೆ. ಹೊರಗೆ ಲೋಳೆ, ಒಳಗೆ ಕಲ್ಲು. ನೀರು ಒಳಗಿಳಿಯಲು ಹೊತ್ತು ಬೇಕು, ಕೈಬಲದಿಂದ ಆಗುವ ಕೆಲಸವಲ್ಲ.

ಕಲ್ಲಾಗಿ ಮುರಿಯದಂತಾದ್ದನ್ನು ಸುತ್ತಿಗೆಯಲ್ಲಿ ಪುಡಿಮಾಡಿ, ಮುಳುಗುವಷ್ಟು ಬಿಸಿನೀರಿನಲ್ಲಿ ರಾತ್ರಿ ನೆನೆಹಾಕಿ, ಮಾರನೆಯ ದಿನ ಬಾಣಲೆಯಲ್ಲಿ ಸಣ್ಣ ಉರಿಗೆ ತಿರುಗಿಸಿದರೆ ಮತ್ತೆ ಮುದ್ದೆಗೆ ಬರುತ್ತದೆ. ಆದರೆ 112 ಗ್ರಾಂಗೆ ಇಷ್ಟು ಗ್ಯಾಸ್ ಸುಡುವ ಬದಲು ಹೊಸದು ಮಾಡುವುದೇ ಲೇಸು.

ಅಂಟುವುದು: ಹತ್ತು ನಿಮಿಷ ತೆರೆದಿಟ್ಟು ನಾದಿ ನೋಡಿ. ಹೋಗದಿದ್ದರೆ, ಮನೆಯಲ್ಲಿ ಮಾಡಿದ್ದನ್ನು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಹೊರಳಿಸಿ. ಬರೀ ಮೈದಾ ಉದುರಿಸಿ ಉದುರಿಸಿ ಗಟ್ಟಿಮಾಡುವುದು ಎಲ್ಲರ ಅಭ್ಯಾಸ. ಆಗ ಉಪ್ಪಿನ ಪ್ರಮಾಣ ಇಳಿಯುತ್ತದೆ, ಬೇಯದ ಮೈದಾ ಒಳಸೇರುತ್ತದೆ, ವಾರದೊಳಗೆ ಹುಳಿವಾಸನೆ ಬರುತ್ತದೆ. ಸೇರಿಸಲೇಬೇಕೆಂದರೆ ಪ್ರತಿ ಮೂರು ಚಮಚ ಮೈದಾಗೆ ಒಂದು ಚಮಚ ಪುಡಿ ಉಪ್ಪು ಬೆರೆಸಿಟ್ಟುಕೊಂಡು ಅದನ್ನೇ ಉದುರಿಸಿ.

ಬಿರುಕು: ಬಾಗಿಸಿದರೆ ಮುರಿಯುತ್ತದೆ, ಅಂಚು ಹರಿಯುತ್ತದೆ ಎಂದಾದರೆ ಅಂಗೈಗೆ ಎರಡು ತೊಟ್ಟು ಎಣ್ಣೆ ಸವರಿ ನಾದಿ. ಸರಿಹೋಗದಿದ್ದರೆ ಕೊರತೆ ನೀರಿನದು, ಮೇಲಿನ ಕವರಿನ ಉಪಾಯಕ್ಕೆ ಹೋಗಿ. ಎಣ್ಣೆಯನ್ನೇ ಸುರಿಯುತ್ತಾ ಹೋದರೆ ಪದರ ಪದರವಾಗಿ ಬಿಡುತ್ತದೆ, ಒಂದರ ಮೇಲೊಂದು ಅಂಟಿಸಿದ್ದು ನಿಲ್ಲುವುದಿಲ್ಲ.

ಬಿಳಿ ಪುಡಿ: ಒಣಗಿದ ಹಿಟ್ಟಿನ ಮೈಮೇಲೆ ಬೆಳ್ಳಗೆ ಹರಳು ಹರಳಾಗಿ ಮೂಡಿದ್ದರೆ ಅದು ಉಪ್ಪು, ಒದ್ದೆ ಬೆರಳಿಗೆ ಕರಗುತ್ತದೆ. ನಾದಿದರೆ ಸಾಕು. ಹತ್ತಿಯಂತೆ ಎಳೆ ಎಳೆಯಾಗಿ, ಹಸಿರು ಕಪ್ಪು ಚುಕ್ಕೆಯೊಂದಿಗೆ ಇದ್ದರೆ ಬೂಷ್ಟು. ಚುಕ್ಕೆ ಕಿತ್ತು ಮಿಕ್ಕದ್ದನ್ನು ಉಳಿಸಿಕೊಳ್ಳುವ ಆಸೆ ಬೇಡ, ಪೂರಾ ಎಸೆಯಿರಿ. ಡಬ್ಬಿಯನ್ನು ಸೋಪಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸದೆ ಹೊಸದನ್ನು ತುಂಬಬೇಡಿ.

ಮೆತ್ತಿಕೊಂಡಾಗ

ಬಟ್ಟೆ, ಚಾಪೆ, ಸೋಫಾ ಯಾವುದೇ ಇರಲಿ, ಮೊದಲ ಕೆಲಸ ಏನೂ ಮಾಡದಿರುವುದು. ಹಸಿಯಾಗಿದ್ದಾಗ ಉಜ್ಜಿದರೆ ನೂಲಿನೊಳಕ್ಕೆ ಇಳಿಯುತ್ತದೆ. ಒಣಗಲು ಬಿಡಿ, ಚಮಚದ ಅಂಚಿನಿಂದ ಎಬ್ಬಿಸಿ, ಬ್ರಷ್ಷಿನಿಂದ ಉದುರಿಸಿ, ಉಳಿದ ಕಲೆಗೆ ತಣ್ಣೀರು ಸೋಪು. ಬಿಸಿನೀರು ಹಾಕಿದರೆ ಹಿಟ್ಟು ಬೆಂದು ಅಂಟಾಗುತ್ತದೆ. ನೆಲದ ಮೇಲಿನ ಚಿಕ್ಕ ಚೂರುಗಳಿಗೆ ಅದೇ ಹಿಟ್ಟಿನ ಉಂಡೆಯಿಂದ ತಟ್ಟುತ್ತಾ ಹೋಗಿ, ಹೆಕ್ಕಿಕೊಳ್ಳುತ್ತದೆ. ಆದರೆ ಆ ಉಂಡೆಯನ್ನು ಡಬ್ಬಿಗೆ ಹಿಂತಿರುಗಿಸಬೇಡಿ. ಕೂದಲಿಗೆ ಹತ್ತಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವೇ ಬಾಚಿ.

ಕೈ, ತಟ್ಟೆ ತೊಳೆಯುವ ಮುನ್ನ ಹಿಟ್ಟನ್ನು ಕಾಗದದಲ್ಲಿ ಒರೆಸಿ ತೆಗೆಯಿರಿ. ಸಿಂಕಿಗೆ ಬಿಟ್ಟ ಹಿಟ್ಟು ಪೈಪಿನ ತಿರುವಿನಲ್ಲಿ ಕೂತು ಗಟ್ಟಿಯಾಗುತ್ತದೆ.

ಆಡಿಸುವುದು

ದುಬಾರಿ ಸೆಟ್ ಬೇಕಿಲ್ಲ. ಕೈಬಿಟ್ಟ ಚಕ್ಕುಲಿ ಒರಳು, ಹಳೆಯ ಪ್ಲಾಸ್ಟಿಕ್ ಕರ್ಜಿಕಾಯಿ ಅಚ್ಚು, ಬಾಚಣಿಗೆ, ಬಾಟಲಿ ಮುಚ್ಚಳ, ಐಸ್‌ಕ್ರೀಂ ಕಡ್ಡಿ ಇದ್ದರೆ ಸಾಕು. ಶಾವಿಗೆ ಬಿಲ್ಲೆಯಿಂದ ಬಂದ ಎಳೆ ಕುರಿಯ ಉಣ್ಣೆಯಾಗುತ್ತದೆ, ಅಜ್ಜಿಯ ಜಡೆಯಾಗುತ್ತದೆ. ಹಾಗೆ ಕೊಟ್ಟ ಸಾಮಾನು ಮತ್ತೆ ಅಡುಗೆಮನೆಗೆ ಬರಬಾರದು, ಆಟಕ್ಕೆಂದೇ ಇರಲಿ. ಕಬ್ಬಿಣದ ಸಾಮಾನಿಗೆ ಉಪ್ಪಿನಿಂದ ತುಕ್ಕು ಹಿಡಿಯುತ್ತದೆ. ಮರದ ಸಕ್ಕರೆ ಅಚ್ಚನ್ನು ಕೊಡಬೇಡಿ, ಕೆತ್ತನೆಯೊಳಗೆ ಹಿಟ್ಟು ಕೂತರೆ ಸಂಕ್ರಾಂತಿಗೆ ಪರದಾಡಬೇಕಾಗುತ್ತದೆ.

ಎರಡು ಮೂರು ವರ್ಷದ ಮಗುವಿಗೆ ‘ಆನೆ ಮಾಡು’ ಎನ್ನುವುದರಲ್ಲಿ ಅರ್ಥವಿಲ್ಲ. ಅದಕ್ಕೆ ಬೇಕಾಗಿರುವುದು ಗುದ್ದುವುದು, ಹರಿಯುವುದು, ಚುಚ್ಚುವುದು. ಒಂದು ಉಂಡೆಯಲ್ಲಿ ನಾಲ್ಕು ದೊಡ್ಡ ಅವರೆಕಾಳು ಹುದುಗಿಸಿ ಹುಡುಕಿಸಿ, ನೀವು ಪಕ್ಕದಲ್ಲೇ ಕೂತು, ಕೊನೆಗೆ ಕಾಳು ಎಣಿಸಿ ತೆಗೆದಿಟ್ಟುಕೊಳ್ಳಿ. ನಾಲ್ಕು ವರ್ಷಕ್ಕೆ ಹಾವು, ಉಂಡೆ, ರೊಟ್ಟಿ ಎಂಬ ಮೂರು ರೂಪ ಕಲಿಸಿ. ಲೋಕದ ಮುಕ್ಕಾಲು ಪಾಲು ಆಕಾರ ಈ ಮೂರರಿಂದಲೇ ಆಗುತ್ತದೆ.

ಅಕ್ಷರಕ್ಕೆ ಬಂದ ಮಕ್ಕಳಿಗೆ ಕನ್ನಡದಷ್ಟು ಒಪ್ಪುವ ಲಿಪಿ ಇಲ್ಲ, ಎಲ್ಲ ದುಂಡಗೆ. ಅಡಿಕೆ ಗಾತ್ರದ ಉಂಡೆಯನ್ನು ಅಂಗೈಯಿಂದಲ್ಲ, ಬೆರಳುಗಳಿಂದ ನಡುವಿನಿಂದ ಹೊರಕ್ಕೆ ಹೊಸೆಯಲು ಹೇಳಿ. ಅಂಗೈ ಒತ್ತಿದರೆ ಎಳೆ ಚಪ್ಪಟೆಯಾಗುತ್ತದೆ. ಪೆನ್ಸಿಲ್ ದಪ್ಪ ಬಂದಾಗ ನಿಲ್ಲಿಸಿ ದುಂಡಗೆ ಸುತ್ತಿ ಮೇಲೆ ತಲೆಕಟ್ಟು ಕೂರಿಸಿದರೆ ರ. ನಟ್ಟನಡುವೆ ಮೆಣಸುಕಾಳಿನಷ್ಟು ಚುಕ್ಕೆ ಇಟ್ಟರೆ ಠ. ದ ಮಾಡಿ ಕೆಳಗೆ ಒಂದು ಕಡ್ಡಿ ಸೇರಿಸಿದರೆ ಧ, ಪ ಹೋಗಿ ಫ, ಡ ಹೋಗಿ ಢ. ಅಲ್ಪಪ್ರಾಣ ಮಹಾಪ್ರಾಣದ ಗೊಂದಲಕ್ಕೆ ಸ್ಲೇಟಿನಲ್ಲಿ ಹತ್ತು ಸಲ ತಿದ್ದಿಸುವುದಕ್ಕಿಂತ ಆ ಕಡ್ಡಿಯನ್ನು ಕೈಯಾರೆ ಅಂಟಿಸಿ, ಕಿತ್ತು, ಮತ್ತೆ ಅಂಟಿಸುವುದು ಹೆಚ್ಚು ನಾಟುತ್ತದೆ.

ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಕೆರೆಯ ಮಣ್ಣಿನಲ್ಲಿ ಎತ್ತು ಮಾಡುವುದುಂಟು. ಆ ಮಣ್ಣು ಸಿಗದ ಫ್ಲ್ಯಾಟಿನಲ್ಲಿ ಕಂದು ಹಿಟ್ಟು ಆ ಕೆಲಸಕ್ಕೆ ಬರುತ್ತದೆ. ಎತ್ತಿನ ಕಾಲು ಕುಸಿಯುವುದೇ ಎಲ್ಲರ ತೊಂದರೆ. ಕಾಲುಗಳನ್ನು ಬೇರೆಯಾಗಿ ಮಾಡಿ ಅಂಟಿಸಬೇಡಿ. ದಪ್ಪ ಉಂಡೆಯೊಂದರ ಕೆಳಭಾಗವನ್ನು ಸೀಳಿ ನಾಲ್ಕು ಕಾಲು ಎಳೆಯಿರಿ, ಗಿಡ್ಡಗೆ, ದಪ್ಪಗೆ. ಕೋಡು, ಇಣಿ, ಬಾಲ ಆಮೇಲೆ. ಅಂಟಿಸುವ ಎರಡೂ ಮೈಯನ್ನು ಕಡ್ಡಿಯಿಂದ ಗೀರಿ ಒದ್ದೆ ಬೆರಳು ತಾಗಿಸಿದರೆ ಹಿಡಿತ ಗಟ್ಟಿ.

ಮಾಡಿದ್ದನ್ನು ಉಳಿಸಿಕೊಳ್ಳಬೇಕೆಂದರೆ ಈ ಮೆತ್ತನೆಯ ಹಿಟ್ಟು ಬೇಡ, ಒಣಗಿದಾಗ ಬಿರುಕು ಬಿಡುತ್ತದೆ. ಅದಕ್ಕೆ ಮೈದಾ 2 ಕಪ್, ಉಪ್ಪು 1 ಕಪ್, ನೀರು ಹೆಚ್ಚೆಂದರೆ 1 ಕಪ್, ಎಣ್ಣೆಯಿಲ್ಲದೆ, ಕಾಯಿಸದೆ ಗಟ್ಟಿಯಾಗಿ ಕಲಸಿ. ದಪ್ಪ 6 ಮಿ.ಮೀ. ಮೀರದಿರಲಿ. ನೆರಳಿನಲ್ಲಿ ಎರಡು ಮೂರು ದಿನ, ದಿನಕ್ಕೆರಡು ಸಲ ಮಗುಚುತ್ತಾ ಒಣಗಿಸಿ, ಅಥವಾ ಓವನ್ನಿನಲ್ಲಿ 100 ಡಿಗ್ರಿಗೆ ಎರಡು ಮೂರು ಗಂಟೆ. ನೇರ ಬಿಸಿಲಿಗಿಟ್ಟರೆ ಮೇಲೆ ಬಿಗಿದು ಒಳಗೆ ಹಸಿಯುಳಿದು ಸೀಳುತ್ತದೆ. ಪೂರ್ತಿ ಒಣಗಿದ ಮೇಲೆ ಬಣ್ಣ, ಮೇಲೊಂದು ಕೈ ವಾರ್ನಿಷ್. ವಾರ್ನಿಷ್ ತಪ್ಪಿದರೆ ಮುಂದಿನ ಮಳೆಗಾಲಕ್ಕೆ ಗೊಂಬೆ ಬೆವರಿ ಮೆತ್ತಗಾಗುತ್ತದೆ. ದಸರಾ ಬೊಂಬೆ ಸಾಲಿಗೆ ಮಕ್ಕಳ ಕೈಯ ಒಂದೆರಡು ಗೊಂಬೆ ಸೇರಿಸುವ ಮನಸ್ಸಿದ್ದರೆ ಮಳೆ ಬಿಡುವು ಕೊಟ್ಟ ವಾರ ನೋಡಿ ಮಾಡಿ.

ಬಾಯಿಗೆ ಹಾಕಿಕೊಂಡರೆ

ಒಂದು ಚೂರು ನೆಕ್ಕಿದರೆ ಏನೂ ಆಗುವುದಿಲ್ಲ, ಉಪ್ಪಿನ ರುಚಿಗೆ ಮಗುವೇ ಉಗುಳುತ್ತದೆ. ಆದರೆ ‘ಮನೆಯದ್ದು, ತಿಂದರೂ ಪರವಾಗಿಲ್ಲ’ ಎಂಬ ಮಾತು ತಪ್ಪು. ಮೇಲಿನ ಅಳತೆಯಲ್ಲಿ ಹಿಟ್ಟಿನ ಐದರಲ್ಲೊಂದು ಪಾಲು ಉಪ್ಪೇ. 30 ಗ್ರಾಂನ ಉಂಡೆಯಲ್ಲಿ 6 ಗ್ರಾಂ ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎನ್ನುತ್ತದೆ. ಉಂಡೆಗಟ್ಟಲೆ ನುಂಗಿ ವಾಂತಿ, ವಿಪರೀತ ಬಾಯಾರಿಕೆ, ಮಂಕು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ, ಹಿಟ್ಟಿನಲ್ಲಿ ಏನೇನು ಎಷ್ಟಿತ್ತು ಎಂದು ಹೇಳಿ. ಸಿಕ್ಕಿದ್ದೆಲ್ಲ ಬಾಯಿಗಿಡುವ ವಯಸ್ಸು ದಾಟುವ ತನಕ ಮಗುವನ್ನು ಹಿಟ್ಟಿನ ಜೊತೆ ಒಂಟಿಯಾಗಿ ಬಿಡಬೇಡಿ. ಚಾಕೊಲೇಟ್, ಸ್ಟ್ರಾಬೆರಿ ಪರಿಮಳದ ಎಸೆನ್ಸ್ ಸೇರಿಸುವುದು ತಿನ್ನು ಎಂದು ಕರೆದಂತೆ. ಪರಿಮಳ ಬೇಕೆಂದರೆ ಎರಡು ಲವಂಗ ನೀರಿನಲ್ಲಿ ಕುದಿಸಿ ಸೋಸಿ, ಆರಿದ ಮೇಲೆ ಆ ನೀರನ್ನೇ ಬಳಸಿ. ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ, 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಅದು ಕಡ್ಡಾಯ.

ನಾಯಿಗೆ ಇದು ಇನ್ನೂ ಅಪಾಯ. ವಾಸನೆಗೆ ಆಸೆಪಟ್ಟು ಇಡೀ ಮುದ್ದೆ ನುಂಗಿದರೆ ಉಪ್ಪಿನ ವಿಷವೇರಿ ನಡುಕ, ಸೆಳೆತ ಬರುತ್ತದೆ, ಪ್ರಾಣಕ್ಕೂ ಕುತ್ತು. ಹಳೆಯ ಹಿಟ್ಟು ಎಸೆಯುವಾಗ ಬೀದಿನಾಯಿಗೆ ಸಿಗದಂತೆ ಕಟ್ಟಿ ಕಸಕ್ಕೆ ಹಾಕಿ. ಹಿಟ್ಟಲ್ಲವೇ ಎಂದು ಹಸುವಿನ ಬಾನಿಗೆ ಹಾಕಬೇಡಿ. ಗೊಬ್ಬರದ ಗುಂಡಿಗೂ ಬೇಡ, ಹೂಕುಂಡಕ್ಕೂ ಬೇಡ: ಅಷ್ಟು ಉಪ್ಪು ಬಿದ್ದ ಮಣ್ಣಿನಲ್ಲಿ ತುಳಸಿಯೂ ನಿಲ್ಲುವುದಿಲ್ಲ.